ಭಾವನ ಹೃದಯದ ಎಡ ಮೇಲ್ಕೋಣೆ

2006ರ ಜುಲೈ ಮೂರನೇ ವಾರ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ನನ್ನ ಭಾವನಿಗೆ ನಿಗದಿಯಾಗಿದ್ದ, ಹೃದಯದೊಳಗೆ ತಂತಿ ತೂರಿಸಿ ಮಾಡುವ ಅಬ್ಲೇಷನ್ ಚಿಕಿತ್ಸೆ ರದ್ದಾಯಿತು. ಆ ಬೆಳಗ್ಗೆ ಗಂಟಲಿನಿಂದ ನಳಿಕೆ ಇಳಿಸಿ ಮಾಡಿದ ಪರೀಕ್ಷೆಯಲ್ಲಿ ಅವರ ಹೃದಯದ ಎಡ ಮೇಲ್ಕೋಣೆಯ ಒಂದು ಮೂಲೆಯಲ್ಲಿ ರಕ್ತ ಹೆಪ್ಪುಗಟ್ಟಿರುವುದು ಕಂಡಿತ್ತು. ಹೆಪ್ಪು ಇರುವ ಕೋಣೆಯೊಳಗೆ ತಂತಿ ಆಡಿಸಿದರೆ ಅದು ಕಳಚಿಕೊಂಡು ಮೆದುಳಿಗೆ ಹೋಗುವ ಅಪಾಯ ಇತ್ತು. ಭಾವ ಹಿಂದಿನ ದಿನದಿಂದ ಉಪವಾಸ ಇದ್ದರು. ತೊಡೆಸಂದಿಯ ಕೂದಲು ಬೋಳಿಸಿ ಆಗಿತ್ತು. ಆಸ್ಪತ್ರೆಯ ಹಸಿರು ಅಂಗಿಯಲ್ಲೇ ಕೂತು ಇಡ್ಲಿ ತಿಂದರು.

ಭಾವ ಅಂದರೆ ನನ್ನ ಅಕ್ಕನ ಗಂಡ. ಶೃಂಗೇರಿಯಿಂದ ಕೊಪ್ಪ, ನರಸಿಂಹರಾಜಪುರದ ಮೇಲೆ ಶಿವಮೊಗ್ಗಕ್ಕೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದರು. ನರಸಿಂಹರಾಜಪುರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಬಾಡಿಗೆ ಮನೆ. ಮಕ್ಕಳಿರಲಿಲ್ಲ. ನಾನು ಆಗ ಕೊಪ್ಪದಲ್ಲಿ ಪತ್ರಿಕೆಯೊಂದರ ವರದಿಗಾರ. ನನ್ನ ಸುದ್ದಿ, ಫೋಟೊಗಳ ಕವರು ಅವರ ಬಸ್ಸಿನಲ್ಲೇ ಶಿವಮೊಗ್ಗದ ಕಚೇರಿಗೆ ಹೋಗುತ್ತಿತ್ತು. ಫ್ಯಾಕ್ಸ್ ಇತ್ತು, ಆದರೆ ಮಳೆಗಾಲದಲ್ಲಿ ಫೋನಿನ ಲೈನು ಇರುತ್ತಿರಲಿಲ್ಲ. ಕವರು ಕೊಡುವ ನೆಪದಲ್ಲಿ ಹೆಚ್ಚುಕಮ್ಮಿ ದಿನವೂ ಕೊಪ್ಪದ ನಿಲ್ದಾಣದಲ್ಲಿ ಅವರ ಮುಖ ನೋಡುತ್ತಿದ್ದೆ.

2004ರ ಮಳೆಗಾಲ ಮುಗಿಯುವ ಹೊತ್ತಿಗೆ ಅವರು ಬಸ್ಸಿನಿಂದ ಇಳಿಯುವುದನ್ನು ಬಿಟ್ಟರು. ಮೊದಲೆಲ್ಲ ಬಸ್ಸು ನಿಂತ ಕೂಡಲೇ ಕೆಳಗೆ ಹಾರಿ, ಟಯರಿಗೆ ಒಂದು ಒದೆ ಕೊಟ್ಟು, ಹೋಟೆಲಿಗೆ ಹೋಗಿ ಚಾ ಕುಡಿದು ಬರುತ್ತಿದ್ದರು. ಈಗ ಸೀಟಿನಲ್ಲೇ ಕೂತು ಚಾ ತರಿಸಿಕೊಳ್ಳುತ್ತಿದ್ದರು. ಕೇಳಿದರೆ ಗ್ಯಾಸ್ ಅಂದರು. ನಮ್ಮ ಕಡೆ ಎದೆಯಿಂದ ಸೊಂಟದವರೆಗೆ ಏನಾದರೂ ಅದು ಮೊದಲು ಗ್ಯಾಸ್. ಅಕ್ಕ ಜೀರಿಗೆ ಕಷಾಯ ಮಾಡಿದಳು, ಓಮ ಹುರಿದು ಕೊಟ್ಟಳು. ಅವರು ಕುಡಿದು ತೇಗಿದರು, ಕಡಿಮೆಯಾಯಿತು ಎಂದರು. ಒಂದು ದಿನ ಹರಿಹರಪುರದ ಹತ್ತಿರದ ತಿರುವಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಲು ಆಗದೆ ಬಸ್ಸು ನಿಲ್ಲಿಸಿದರು. ಕಂಡಕ್ಟರು ಬಂದು ನೋಡಿದಾಗ ಮುಖ ಬೆವರಿನಲ್ಲಿ ತೊಯ್ದಿತ್ತಂತೆ. "ಎಂತ ಇಲ್ಲ ಮಾರಾಯ, ಎಂಜಿನ್ ಸ್ವಲ್ಪ ಮಿಸ್ಸಿಂಗ್ ಹೊಡೀತಿದೆ" ಅಂದರಂತೆ. ಕಂಡಕ್ಟರು ಬಾನೆಟ್ ಎತ್ತಲು ಹೋದನಂತೆ. ಭಾವ ತಮ್ಮ ಎದೆ ತೋರಿಸಿದರಂತೆ.

ನರಸಿಂಹರಾಜಪುರದ ಡಾಕ್ಟರು ನಾಡಿ ಹಿಡಿದರು, ಬಹಳ ಹೊತ್ತು ಬಿಡಲಿಲ್ಲ. ಇ.ಸಿ.ಜಿ. ತೆಗೆದರು. ಕಾಗದದ ಮೇಲೆ ಗೀರುಗಳ ನಡುವಿನ ಅಂತರ ಒಂದರಂತೆ ಒಂದು ಇರಲಿಲ್ಲ. ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಹಿಂಡುವ ಬದಲು ಸುಮ್ಮನೆ ನಡುಗುತ್ತಿವೆ, ಎಷ್ಟೋ ದಿನದಿಂದ ಹಾಗೇ ಇರಬೇಕು ಎಂದರು. ಇದಕ್ಕೆ ಏಟ್ರಿಯಲ್ ಫಿಬ್ರಿಲೇಷನ್ ಎನ್ನುತ್ತಾರೆ. ಕೆಲವರಿಗೆ ಬಂದು ಹೋಗುತ್ತದೆ, ಕೆಲವರಿಗೆ ಬಂದದ್ದು ಹೋಗದೆ ನಿಲ್ಲುತ್ತದೆ. ಭಾವನಿಗೆ ನಿಂತಿತ್ತು. ಕಾರಣ ಏನು ಎಂದು ನಾನು ಕೇಳಿದೆ. ರಕ್ತದೊತ್ತಡ ಇರಬಹುದು, ಇಲ್ಲದೆಯೂ ಬರುತ್ತದೆ ಎಂದರು. ವರದಿ ಬರೆಯುವವನಿಗೆ ಎರಡೂ ಉಪಯೋಗವಿಲ್ಲದ ಉತ್ತರ.

ಮುಂದಿನ ವರ್ಷ ಪೂರ್ತಿ ಸಣ್ಣಪುಟ್ಟ ಚಿಕಿತ್ಸೆಗಳಲ್ಲಿ ಕಳೆಯಿತು. ಶಿವಮೊಗ್ಗದಲ್ಲಿ ಮಂಪರು ಕೊಟ್ಟು ಎದೆಗೆ ಕರೆಂಟ್ ಕೊಟ್ಟರು. ಬಡಿತ ಸರಿಯಾಯಿತು. ಅಕ್ಕ ಪಾಯಸ ಮಾಡಿದಳು. ತಿಂಗಳೊಳಗೆ ಮತ್ತೆ ಕೆಟ್ಟಿತು. ಎರಡನೇ ಸಲ ಕೊಟ್ಟಾಗ ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ಕೆಟ್ಟಿತ್ತು. ಬಡಿತ ಹಿಡಿದಿಡುವ ಮಾತ್ರೆ ಕೊಟ್ಟರು. ಅದರಿಂದ ಥೈರಾಯ್ಡ್ ಹಾಳಾಯಿತು, ಮಾತ್ರೆ ನಿಲ್ಲಿಸಬೇಕಾಯಿತು. ಅಷ್ಟರಲ್ಲಿ ಬಸ್ಸಿನ ಮಾಲೀಕರು ಭಾವನನ್ನು ಸ್ಟೇರಿಂಗಿನಿಂದ ಇಳಿಸಿ ನರಸಿಂಹರಾಜಪುರದ ನಿಲ್ದಾಣದಲ್ಲಿ ಏಜೆಂಟ್ ಮಾಡಿದ್ದರು. ಬಸ್ಸು ಬಂದಾಗ ಜನ ಹತ್ತಿಸುವುದು, ಶಿವಮೊಗ್ಗ ಶಿವಮೊಗ್ಗ ಎಂದು ಕೂಗುವುದು ಕೆಲಸ. ಎರಡು ಸಲ ಕೂಗಿದರೆ ಮೂರನೆಯದಕ್ಕೆ ಉಸಿರು ಇರುತ್ತಿರಲಿಲ್ಲ. ಹೂವಿನ ಅಂಗಡಿಯ ಹೆಂಗಸು ಅವರ ಬದಲಿಗೆ ಕೂಗುತ್ತಿದ್ದಳು.

2006ರ ಆರಂಭದಲ್ಲಿ ಬೆಂಗಳೂರಿಗೆ ಹೋದೆವು. ಅಲ್ಲಿದ್ದವರು ಹೃದಯದ ಬಡಿತದ ದೋಷಗಳನ್ನೇ ನೋಡುವ ಡಾಕ್ಟರು. ಭಾವ ಅವರನ್ನು ಮೊದಲ ದಿನದಿಂದಲೂ ಕರೆಂಟ್ ಡಾಕ್ಟರು ಎಂದೇ ಕರೆದರು. ಅವರು ಬಿಳಿ ಹಾಳೆಯಲ್ಲಿ ಚಿತ್ರ ಬರೆದು ಹೇಳಿದರು. ಶ್ವಾಸಕೋಶದಿಂದ ರಕ್ತ ತರುವ ನಾಲ್ಕು ನಾಳಗಳು ಎಡ ಮೇಲ್ಕೋಣೆಗೆ ಬಂದು ಸೇರುತ್ತವೆ. ಅವುಗಳ ಬಾಯಿಯಲ್ಲಿ ಕಳ್ಳ ಕರೆಂಟ್ ಹುಟ್ಟುತ್ತದೆ. ತೊಡೆಯ ರಕ್ತನಾಳದಿಂದ ಕ್ಯಾತಿಟರ್ ಎಂಬ ಸಪೂರ ತಂತಿಗಳನ್ನು ಹೃದಯದವರೆಗೆ ತಳ್ಳಿ, ನಡುಗೋಡೆಗೆ ಸಣ್ಣ ತೂತು ಮಾಡಿ ಎಡಕ್ಕೆ ದಾಟುತ್ತಾರೆ. ಕಂಪ್ಯೂಟರಿನಲ್ಲಿ ಕೋಣೆಯ ಒಳಗೋಡೆಯ ನಕ್ಷೆ ತಯಾರಾಗುತ್ತದೆ. ಆಮೇಲೆ ತಂತಿಯ ತುದಿಯಿಂದ ಆ ನಾಳಗಳ ಬಾಯಿಯ ಸುತ್ತ ಚುಕ್ಕೆ ಚುಕ್ಕೆಯಾಗಿ ಸುಡುತ್ತಾರೆ, ಇದೇ ಅಬ್ಲೇಷನ್. ಸುಟ್ಟ ಜಾಗ ಗಾಯವಾಗಿ ಗಟ್ಟಿಯಾಗುತ್ತದೆ, ಗಾಯದ ಮೇಲೆ ಕರೆಂಟ್ ದಾಟುವುದಿಲ್ಲ.

ಭಾವ ಕೊನೆಯವರೆಗೂ ಕೇಳಿಸಿಕೊಂಡು, "ವೈರಿಂಗ್ ಶಾರ್ಟಾದ್ರೆ ವೈರ್ ಬದಲಾಯಿಸ್ತಾರೆ ಸಾರ್. ಸುಡೋದನ್ನ ನಾನು ಎಲ್ಲೂ ನೋಡ್ಲಿಲ್ಲ" ಅಂದರು.

"ಬದಲಾಯಿಸ್ಲಿಕ್ಕೆ ಸ್ಪೇರ್ ಇಲ್ವಲ್ಲ" ಎಂದು ಡಾಕ್ಟರು ನಕ್ಕರು.

ನಂತರ ಹೇಳಿದ್ದು ನಗುವ ವಿಷಯ ಆಗಿರಲಿಲ್ಲ. ಬಂದು ಹೋಗುವ ಬಗೆಯವರಿಗೆ ನಾಳಗಳ ಸುತ್ತ ಸುಟ್ಟರೆ ಬಹಳ ಸಲ ಸಾಕಾಗುತ್ತದೆ. ಭಾವನಂತೆ ಕಾಯಿಲೆ ನಿಂತುಬಿಟ್ಟವರಿಗೆ ಅಷ್ಟು ಸಾಲದು. ದೋಷ ಕೋಣೆಯ ಗೋಡೆಗೇ ಹಬ್ಬಿರುತ್ತದೆ. ಮಾಡಿಗೂ, ಅಂದರೆ ಕೋಣೆಯ ಚಾವಣಿಗೂ, ಗೋಡೆಗೂ ಗೆರೆ ಎಳೆದ ಹಾಗೆ ಇನ್ನಷ್ಟು ಸುಡಬೇಕು. ಎಲ್ಲಿ, ಎಷ್ಟು ಎಂಬ ಬಗ್ಗೆ ಡಾಕ್ಟರುಗಳಲ್ಲೇ ಒಂದೇ ಮಾತಿಲ್ಲ. ಒಂದು ಸಲಕ್ಕೆ ಆಗದೆ ಎರಡನೇ ಸಲ ಮಾಡಬೇಕಾದೀತು. ಭಾವನ ಮೇಲ್ಕೋಣೆ ಈಗಾಗಲೇ ಹಿಗ್ಗಿದೆ. ನಡುಗಿದಷ್ಟು ದಿನ ಹಿಗ್ಗುತ್ತದೆ, ಹಿಗ್ಗಿದಷ್ಟು ಸುಡುವುದರ ಫಲ ಕಡಿಮೆ. ಆದ್ದರಿಂದ ತಡ ಮಾಡಬಾರದು.

ತಡ ಮಾಡದಿರಲು ಒಂದೇ ಷರತ್ತು ಇತ್ತು. ನಡುಗುವ ಕೋಣೆಯಲ್ಲಿ ರಕ್ತ ನಿಂತು ಹೆಪ್ಪಾಗದಂತೆ ಅದನ್ನು ಮಾತ್ರೆಯಿಂದ ತೆಳುವಾಗಿ ಇಟ್ಟಿರಬೇಕು. ತೆಳುವಾಗಿದೆಯೇ ಎಂದು ರಕ್ತಪರೀಕ್ಷೆ ಹೇಳುತ್ತದೆ. ಅದರ ಅಂಕಿ ಎರಡರಿಂದ ಮೂರರ ನಡುವೆ ಇರಬೇಕು. ಎರಡಕ್ಕಿಂತ ಕಡಿಮೆಯಾದರೆ ಹೆಪ್ಪು, ಮೂರಕ್ಕಿಂತ ಬಹಳ ಹೆಚ್ಚಾದರೆ ರಕ್ತಸ್ರಾವ. ವಾರಗಟ್ಟಲೆ ಅಂಕಿ ಸರಿಯಾಗಿ ಇದ್ದರೆ ಮಾತ್ರ ಚಿಕಿತ್ಸೆ. ಪಾಲಕ್, ಮೆಂತ್ಯ, ಹರಿವೆ, ಎಲೆಕೋಸು ತಿನ್ನಬಾರದು, ಅವು ಮಾತ್ರೆಯ ಕೆಲಸ ಕೆಡಿಸುತ್ತವೆ ಎಂದರು. ಅಕ್ಕ ತಲೆ ಆಡಿಸಿದಳು. ಆ ದಿನದಿಂದ ಆ ನಾಲ್ಕೂ ಅವಳ ಅಡಿಗೆಮನೆಗೆ ಬರಲಿಲ್ಲ.

ಈ ಪರೀಕ್ಷೆ ಆಗ ನರಸಿಂಹರಾಜಪುರದಲ್ಲಿ ಇರಲಿಲ್ಲ. ಡಾಕ್ಟರು ರಕ್ತ ತೆಗೆದು ಸಣ್ಣ ಟ್ಯೂಬಿನಲ್ಲಿ ಹಾಕಿ ಕೊಡುತ್ತಿದ್ದರು. ಐಸ್ ಬೇಡ, ಬೇಗ ತಲುಪಿದರೆ ಸಾಕು ಎಂದು ಶಿವಮೊಗ್ಗದ ಲ್ಯಾಬಿನವರು ಹೇಳಿದ್ದರು. ಅಕ್ಕ ಟ್ಯೂಬನ್ನು ಹತ್ತಿಯಲ್ಲಿ ಸುತ್ತಿ ಸೋಪಿನ ಡಬ್ಬಿಯಲ್ಲಿ ಇಡುತ್ತಿದ್ದಳು. ಡಬ್ಬಿ ಭಾವ ಓಡಿಸುತ್ತಿದ್ದ ಅದೇ ಬಸ್ಸಿನಲ್ಲಿ ಹೋಗುತ್ತಿತ್ತು. ಹೊಸ ಡ್ರೈವರ್ ಭಾವನ ಕೈಕೆಳಗೆ ಪಳಗಿದವನು. ಡಬ್ಬಿಯನ್ನು ದೇವರ ಪಟದ ಹತ್ತಿರ ಇಟ್ಟುಕೊಂಡು, "ನಿಮಗೆ ಹಾಫ್ ಟಿಕೆಟ್ಟೋ ಫುಲ್ಲೋ ಮಾರಾಯ್ರೆ? ಆಳು ಇಲ್ಲೇ ಕೂತಿದ್ದೀರಿ, ರಕ್ತ ಮಾತ್ರ ಬರ್ತಾ ಉಂಟು" ಎನ್ನುತ್ತಿದ್ದ.

"ಲಗೇಜ್ ಅಂತ ಹರಿ" ಎನ್ನುತ್ತಿದ್ದರು ಭಾವ.

ಫೋನ್ ಇದ್ದರೆ ಸಂಜೆಯೊಳಗೆ ಅಂಕಿ ತಿಳಿಯುತ್ತಿತ್ತು. ಇಲ್ಲದಿದ್ದರೆ ಲ್ಯಾಬಿನವರು ಚೀಟಿಯಲ್ಲಿ ಬರೆದು ವಾಪಸ್ ಬಸ್ಸಿಗೆ ಕೊಡುತ್ತಿದ್ದರು. ಏಪ್ರಿಲ್, ಮೇ ತಿಂಗಳಲ್ಲಿ ಅಂಕಿ ಎರಡರ ಮೇಲೇ ಇತ್ತು. ಬೆಂಗಳೂರಿನವರು ಜುಲೈಗೆ ದಿನ ಕೊಟ್ಟರು. ಜೂನಿನಲ್ಲಿ ಮಳೆ ಹಿಡಿಯಿತು. ಅಂಕಿ ಎರಡರಿಂದ ಕೆಳಗೆ ಬಂತು. ಊರಿನ ಡಾಕ್ಟರು ಮಾತ್ರೆ ಹೆಚ್ಚಿಸಿದರು. ಮುಂದಿನ ವಾರ ಇನ್ನೂ ಕಡಿಮೆ. ಮತ್ತೆ ಹೆಚ್ಚಿಸಿದರು. ಸ್ವಲ್ಪ ಏರಿ ಮತ್ತೆ ಬಿತ್ತು.

ಒಂದು ವಾರ ಶಿವಮೊಗ್ಗದ ದಾರಿಯಲ್ಲಿ ಉಂಬ್ಳೆಬೈಲಿನ ಹತ್ತಿರ ರಸ್ತೆಗೆ ಮರ ಬಿದ್ದು ವಾಹನಗಳು ಮಧ್ಯಾಹ್ನದವರೆಗೆ ನಿಂತವು. ಆ ಸುದ್ದಿ ನಾನೇ ಕಳಿಸಿದೆ: ಭಾರಿ ಗಾಳಿ ಮಳೆ, ಸಂಚಾರ ಅಸ್ತವ್ಯಸ್ತ, ಅರಣ್ಯ ಇಲಾಖೆಯವರಿಂದ ತೆರವು. ನಿಂತ ಬಸ್ಸುಗಳಲ್ಲಿ ಒಂದರಲ್ಲಿ ಭಾವನ ರಕ್ತ ಇತ್ತು. ತಲುಪಿದಾಗ ತಡವಾಗಿದೆ, ಇದರಲ್ಲಿ ಅಂಕಿ ಸರಿ ಬರುವುದಿಲ್ಲ, ಮತ್ತೆ ಕಳಿಸಿ ಎಂದು ಲ್ಯಾಬಿನವರು ಹೇಳಿದರು. ಆ ವಾರ ಅಂಕಿಯೇ ಇಲ್ಲದೆ ಹೋಯಿತು. ನಮ್ಮಿಂದ ಮಾಡಲಾಗುವುದು ಏನೂ ಇರಲಿಲ್ಲ. ಮತ್ತೆ ತೋಳು ಚಾಚುವುದು, ಮತ್ತೆ ಬಸ್ಸು ಕಾಯುವುದು.

ಮಾತ್ರೆ ಏರಿಸಿದರೂ ಅಂಕಿ ಏರದೆ ಇದ್ದಾಗ ಡಾಕ್ಟರಿಗೆ ಸಂಶಯ ಬಂತು. ಮಾತ್ರೆ ತಪ್ಪಿಸುತ್ತಿದ್ದೀರಾ ಎಂದು ಕೇಳಿದರು. ಅಕ್ಕನಿಗೆ ಸಿಟ್ಟು ಬಂತು. ದಿನಾ ಸಂಜೆ ಮಾತ್ರೆಯನ್ನು ಅವಳೇ ಕೈಗೆ ಕೊಟ್ಟು, ನುಂಗುವುದನ್ನು ನೋಡಿ, ಬಾಯಿ ತೆರೆಸಿಯೂ ನೋಡುತ್ತಿದ್ದಳು. ಸೊಪ್ಪು ತಿನ್ನುತ್ತಿದ್ದೀರಾ ಎಂದು ಕೇಳಿದರು. ಈ ಮಳೆಯಲ್ಲಿ ಸಂತೆಗೆ ಸೊಪ್ಪು ಎಲ್ಲಿ ಬರುತ್ತದೆ ಡಾಕ್ಟ್ರೇ, ಬಂದರೂ ನಾನು ತರುವುದಿಲ್ಲ ಎಂದಳು. ಅದು ನಿಜವೇ ಆಗಿತ್ತು. ಕೊನೆಗೆ ಡಾಕ್ಟರು ಕುಡಿತದ ಬಗ್ಗೆ ಕೇಳಿದರು. ಭಾವ ಎದ್ದು ಹೊರಗೆ ಹೋದರು. ನಾನು ಹಿಂದೆ ಹೋದಾಗ ಜಗಲಿಯ ಕಂಬ ಹಿಡಿದು ನಿಂತಿದ್ದರು. "ಮಿಸ್ಸಿಂಗ್ ಹೊಡಿಯೋದು ಅದು, ಕಳ್ಳ ಆದದ್ದು ನಾನು" ಎಂದರು.

ಹೀಗೆ ಜುಲೈ ಬಂತು. ಹೊರಡುವ ಹಿಂದಿನ ವಾರದ ಅಂಕಿ ಎರಡರ ಹತ್ತಿರ ಇತ್ತು. ಬನ್ನಿ, ಇಲ್ಲಿ ಪರೀಕ್ಷೆ ಮಾಡಿ ನೋಡೋಣ ಎಂದು ಬೆಂಗಳೂರಿನವರು ಹೇಳಿದರು. ಹೋದೆವು. ಹೆಪ್ಪು ಕಂಡಿತು.

ಚಿಕಿತ್ಸೆ ರದ್ದಾದ ಮಧ್ಯಾಹ್ನ ಕರೆಂಟ್ ಡಾಕ್ಟರು ಅಕ್ಕನನ್ನು ಕೂರಿಸಿ ಬೇರೆ ರೀತಿ ಕೇಳಿದರು. ಏನು ತಿನ್ನಬಾರದು ಎಂದು ಹೇಳಲಿಲ್ಲ. ಬೆಳಗ್ಗೆ ಎದ್ದಾಗಿನಿಂದ ಮಲಗುವವರೆಗೆ ಇವರ ಬಾಯಿಗೆ ಏನೇನು ಹೋಗುತ್ತದೆ, ಹೇಳುತ್ತಾ ಹೋಗಿ ಎಂದರು. ಅಕ್ಕ ಹೇಳಿದಳು. ಕಾಫಿ, ದೋಸೆ ಅಥವಾ ಕಡುಬು. ಮಧ್ಯಾಹ್ನ ಅನ್ನ, ಹುಳಿ, ಒಂದು ಪಲ್ಯ, ಮಜ್ಜಿಗೆ. ಡಾಕ್ಟರು ಉತ್ತರ ಕರ್ನಾಟಕದವರು. ಅನ್ನಕ್ಕೆ ಮೊದಲು ಹುಳಿಯೇ ಹಾಕಿಕೊಳ್ಳುತ್ತೀರಾ ಎಂದು ಸುಮ್ಮನೆ ಕೇಳಿದರು.

"ಇಲ್ಲ, ಮೊದಲು ತಂಬುಳಿ" ಎಂದಳು ಅಕ್ಕ.

ನಮ್ಮಲ್ಲಿ ಊಟಕ್ಕೆ ಏನಿತ್ತು ಎಂದು ಕೇಳಿದರೆ ಹುಳಿಯ ಹೆಸರು, ಪಲ್ಯದ ಹೆಸರು ಹೇಳುತ್ತಾರೆ. ತಂಬುಳಿಯನ್ನು ಯಾರೂ ಎಣಿಸುವುದಿಲ್ಲ, ಉಪ್ಪನ್ನು ಎಣಿಸದ ಹಾಗೆ. ಅದು ಅಡಿಗೆ ಅಲ್ಲ, ಹೊಟ್ಟೆಗೆ ತಂಪು. ಮಳೆ ಹಿಡಿದ ಮೇಲೆ ಹಿತ್ತಲಲ್ಲಿ ಚಿಗುರುವುದನ್ನೆಲ್ಲ ತಂಬುಳಿ ಮಾಡುವುದು ರೂಢಿ. ಒಂದು ದಿನ ಒಂದೆಲಗ, ಒಂದು ದಿನ ಚಗಟೆ, ಒಂದು ದಿನ ಬೇಲಿಯ ಚಕ್ರಮುನಿ. ಎಲೆಯನ್ನು ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಕಾಳುಮೆಣಸು, ಕಾಯಿ ಹಾಕಿ ರುಬ್ಬಿ ಮಜ್ಜಿಗೆಯಲ್ಲಿ ಕಲಸುತ್ತಾರೆ. ಭಾವನಿಗೆ ಕಾಯಿಲೆ ಬಂದ ಮೇಲೆ ಅಕ್ಕ ಎಲೆ ಹೆಚ್ಚು ಹಾಕುತ್ತಿದ್ದಳು. ಒಂದೆಲಗ ಎದೆಗೆ ಒಳ್ಳೆಯದು ಎಂದು ಅಮ್ಮನಿಂದ ಕೇಳಿದ್ದಳು. ನರಸಿಂಹರಾಜಪುರದ ಡಾಕ್ಟರ ಮನೆಯಲ್ಲೂ ಮಧ್ಯಾಹ್ನ ತಂಬುಳಿ ಇರುತ್ತಿತ್ತು. ಅವರಿಗೂ ಹೊಳೆದಿರಲಿಲ್ಲ.

ಬೆಂಗಳೂರಿನ ಡಾಕ್ಟರು ಎಷ್ಟು ಎಲೆ ಎಂದು ಕೇಳಿದರು. ಅಕ್ಕ ಮುಷ್ಟಿ ತೋರಿಸಿದಳು. ದಿನಾ? ಮಳೆಗಾಲದಲ್ಲಿ ದಿನಾ. ಅವರು ಪೆನ್ನು ಕೆಳಗಿಟ್ಟರು. ಆ ಎಲೆಗಳಲ್ಲಿ ಕೆ ವಿಟಮಿನ್ ತುಂಬಾ ಇದೆ, ರಕ್ತ ಹೆಪ್ಪಾಗಿಸುವುದೇ ಅದರ ಕೆಲಸ, ಇವರ ಮಾತ್ರೆ ದಿನಾ ಅದರ ಜೊತೆ ಗುದ್ದಾಡುತ್ತಿದೆ ಎಂದರು. ಅವರ ಧ್ವನಿಯಲ್ಲಿ ಬೈಗುಳ ಇರಲಿಲ್ಲ. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಇದ್ದಳು. ಸೊಪ್ಪು ಕಡಿಮೆ ಮಾಡಿ, ವಾರವಾರ ಪರೀಕ್ಷೆ ಮಾಡಿಸಿ, ಮೂರು ನಾಲ್ಕು ತಿಂಗಳಲ್ಲಿ ಹೆಪ್ಪು ಕರಗಬಹುದು, ಆಮೇಲೆ ನೋಡೋಣ ಎಂದರು ಡಾಕ್ಟರು.

ವಾಪಸ್ ಬರುವಾಗ ಬಸ್ಸಿನಲ್ಲಿ ಭಾವ ಅಕ್ಕನನ್ನು ನಗಿಸಲು ನೋಡಿದರು. "ಅಂತೂ ನನ್ನನ್ನು ಕೊಲ್ಲಲಿಕ್ಕೆ ಹೊರಟದ್ದು ವಿಷ ಹಾಕಿ ಅಲ್ಲ, ತುಪ್ಪ ಹಾಕಿ" ಎಂದರು. ಅವಳು ನಗಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

ಮನೆಗೆ ಬಂದ ಮರುದಿನ ಅವಳು ಚಕ್ರಮುನಿಯ ಬೇಲಿಯನ್ನು ಬುಡಸಮೇತ ಕಿತ್ತಳು. ಒಂದೆಲಗದ ಪಾತಿಯನ್ನು ಗುದ್ದಲಿಯಲ್ಲಿ ಅಗೆದು ಮಗುಚಿದಳು. ಕೊತ್ತಂಬರಿ, ಕರಿಬೇವನ್ನೂ ಸಾರಿಗೆ ಹಾಕಲಿಲ್ಲ. ಕಡಿಮೆ ಮಾಡಿ ಎಂದಿದ್ದನ್ನು ಅವಳು ಇಲ್ಲವಾಗಿಸಿದಳು. ಡಾಕ್ಟರು ಕಡಿಮೆ ಎಂದದ್ದು ಅವರ ಮರ್ಯಾದೆ, ನಾನು ಪೂರ್ತಿ ಬಿಡುವುದು ನನ್ನ ಮರ್ಯಾದೆ ಎಂದು ನನ್ನ ಹತ್ತಿರ ಹೇಳಿದಳು. ಮಾತ್ರೆ ಮಾತ್ರ ಜೂನಿನಲ್ಲಿ ಏರಿಸಿದ ಅಳತೆಯಲ್ಲೇ ಮುಂದುವರಿದಿತ್ತು.

ಆ ವಾರ ಮತ್ತೆ ಮಳೆ ಜೋರಾಗಿ ಬಸ್ಸುಗಳು ಸರಿಯಾಗಿ ಓಡಲಿಲ್ಲ. ಟ್ಯೂಬು ಹೋಗಲಿಲ್ಲ. ಅದರ ಮುಂದಿನ ವಾರ ಒಂದು ಬೆಳಗ್ಗೆ ಹಲ್ಲುಜ್ಜುವಾಗ ಭಾವನ ವಸಡಿನಲ್ಲಿ ರಕ್ತ ಬಂತು. ನಿಲ್ಲಲಿಲ್ಲ. ಮೂಗಿನಲ್ಲೂ ಬಂತು. ತೋಳಿನಲ್ಲಿ ಎಲ್ಲಿಯೂ ತಾಗಿಸಿಕೊಳ್ಳದೆ ಕಪ್ಪು ಕಲೆಗಳು ಎದ್ದಿದ್ದವು. ಅಕ್ಕ ಹಳೆಯ ಪಂಚೆ ಹರಿದು ಹರಿದು ಕೊಟ್ಟಳು, ಅವೂ ತೋಯ್ದವು. ಹೊಸ ಡ್ರೈವರ್ ಬೆಳಗಿನ ಬಸ್ಸಿನ ಮುಂದಿನ ಸೀಟಿನಲ್ಲಿ ಅವರನ್ನು ಮಲಗಿಸಿಕೊಂಡು, ದಾರಿಯಲ್ಲಿ ಎಲ್ಲಿಯೂ ಜನ ಹತ್ತಿಸದೆ ಶಿವಮೊಗ್ಗಕ್ಕೆ ಓಡಿಸಿದ. ನನಗೆ ಕೊಪ್ಪಕ್ಕೆ ಸುದ್ದಿ ಮುಟ್ಟಿ ನಾನು ಬೇರೆ ಬಸ್ಸು ಹಿಡಿದು ಹೋಗುವಾಗ ಮಧ್ಯಾಹ್ನವಾಗಿತ್ತು.

ಪರೀಕ್ಷೆಯ ಅಂಕಿ ಏಳರ ಮೇಲೆ ಇತ್ತು. ಎಲೆಯ ವಿರುದ್ಧ ಏರಿಸಿದ ಮಾತ್ರೆ, ಎಲೆ ಇಲ್ಲವಾದ ಕೂಡಲೇ ಒಂಟಿಯಾಗಿ ಕೆಲಸ ಮಾಡಿತ್ತು. ಶಿವಮೊಗ್ಗದ ಡಾಕ್ಟರು ಒಂದು ಇಂಜೆಕ್ಷನ್ ಕೊಟ್ಟರು, ಪ್ಲಾಸ್ಮಾ ಹಾಕಿದರು. ಏನು ಇಂಜೆಕ್ಷನ್ ಎಂದು ಅಕ್ಕ ಕೇಳಿದಳು. ಕೆ ವಿಟಮಿನ್ ಎಂದರು.

ಅಕ್ಕ ನನ್ನ ಕಡೆ ತಿರುಗಿದಳು. "ಅದೇ ಅಲ್ವನಾ, ಎಲೆಯಲ್ಲಿ ಉಂಟು ಅಂದದ್ದು?"

ಹೌದು ಎಂದೆ.

"ಕೊಟ್ಟರೂ ತಪ್ಪು, ಬಿಟ್ಟರೂ ತಪ್ಪು. ಮತ್ತೆ ನಾನು ಎಂತ ಮಾಡುದು, ನೀನೇ ಹೇಳು."

ಹಾಸಿಗೆಯಲ್ಲಿ ಭಾವ ಮೂಗಿಗೆ ಹತ್ತಿ ಇಟ್ಟುಕೊಂಡು ಕಣ್ಣು ಮುಚ್ಚಿದ್ದರು. ಅವರಿಗೆ ಎಚ್ಚರ ಇತ್ತು. ಕೈ ಚಾಚಿ ಅಕ್ಕನ ಮೊಣಕೈ ಮುಟ್ಟಿದರು.

ಉತ್ತರ ಕೊಟ್ಟವರು ಬೆಂಗಳೂರಿನ ಡಾಕ್ಟರು, ಫೋನಿನಲ್ಲಿ. ಸೊಪ್ಪು ಪೂರ್ತಿ ಬಿಡುವುದು ಬೇಡ. ದಿನಾ ಒಂದೇ ಅಳತೆ ಕೊಡಿ, ಮಳೆಗಾಲ ಬೇಸಿಗೆ ಎಂದು ಹೆಚ್ಚುಕಡಿಮೆ ಮಾಡಬೇಡಿ, ಮಾತ್ರೆಯನ್ನು ಆ ಅಳತೆಗೆ ಹೊಂದಿಸೋಣ. ಅಕ್ಕ ಪಕ್ಕದ ಮನೆಯಿಂದ ಚಕ್ರಮುನಿಯ ಕಡ್ಡಿ ತಂದು ಮತ್ತೆ ನೆಟ್ಟಳು. ಅದು ಚಿಗುರುವವರೆಗೆ ಅವರಿವರ ಹಿತ್ತಲಿನಿಂದ ಎಲೆ ತಂದು, ಒಂದು ಚಮಚದಲ್ಲಿ ಒತ್ತಿ ಅಳೆದು ತಂಬುಳಿ ಮಾಡಿದಳು. ಕೈ ಅಳತೆಯ ಅಡಿಗೆಯವಳು ಚಮಚ ಹಿಡಿದದ್ದನ್ನು ನಾನು ನೋಡಿದ್ದು ಅದೇ ಮೊದಲು. ನವರಾತ್ರಿ ದಾಟುವ ಹೊತ್ತಿಗೆ ಅಂಕಿ ಎರಡೂವರೆಯ ಆಸುಪಾಸಿನಲ್ಲಿ ನಿಂತಿತು. ಚಳಿಗಾಲದಲ್ಲಿ ಬೆಂಗಳೂರಿಗೆ ಹೋಗಿ ಮತ್ತೆ ನಳಿಕೆ ಇಳಿಸಿ ನೋಡಿಸಿದೆವು. ಹೆಪ್ಪು ಕರಗಿತ್ತು. ಕೋಣೆ ಮೊದಲಿಗಿಂತ ಹಿಗ್ಗಿತ್ತು.

2007ರ ಫೆಬ್ರವರಿಯಲ್ಲಿ ಅಬ್ಲೇಷನ್ ಆಯಿತು. ಬೆಳಗ್ಗೆ ತಳ್ಳುಗಾಡಿಯಲ್ಲಿ ಒಯ್ದವರು ಸಂಜೆಯವರೆಗೂ ಹೊರಗೆ ತರಲಿಲ್ಲ. ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಅಕ್ಕ ಚಾ ಸಹ ಕುಡಿಯಲಿಲ್ಲ. ನಾನು ಅಲ್ಲಿದ್ದ ಎಲ್ಲ ಪತ್ರಿಕೆಗಳನ್ನು ಓದಿದೆ, ಜಾಹೀರಾತುಗಳನ್ನೂ ಓದಿದೆ. ಒಳಗೆ ಒಬ್ಬ ಮನುಷ್ಯನ ಹೃದಯದ ಗೋಡೆಯನ್ನು ಸುಡುತ್ತಿದ್ದರು, ಹೊರಗೆ ಇದ್ದವರಿಗೆ ಮಾಡಲು ಕುಳಿತುಕೊಳ್ಳುವುದು ಒಂದೇ ಕೆಲಸ. ಮಧ್ಯಾಹ್ನ ಒಬ್ಬ ನರ್ಸ್ ಬಂದಾಗ ಅಕ್ಕ ಎದ್ದು ನಿಂತಳು. ನರ್ಸ್ ಬೇರೆಯವರನ್ನು ಹುಡುಕುತ್ತಿದ್ದಳು.

ಸಂಜೆ ಡಾಕ್ಟರು ಹೊರಗೆ ಬಂದು ಕಂಪ್ಯೂಟರಿನ ಚಿತ್ರ ತೋರಿಸಿದರು. ಬಣ್ಣ ಬಣ್ಣದ ಚೀಲದಂತೆ ಮೇಲ್ಕೋಣೆ, ಅದರ ಮೇಲೆ ಸುಟ್ಟ ಜಾಗಗಳು ಕೆಂಪು ಚುಕ್ಕೆಗಳಾಗಿ. ನಾಲ್ಕೂ ನಾಳಗಳನ್ನು ಬೇರ್ಪಡಿಸಿದ್ದೇವೆ, ಮಾಡಿನ ಮೇಲೆ ಗೆರೆ ಎಳೆದಿದ್ದೇವೆ, ಸುಡುವಾಗ ಬಡಿತ ತಾನಾಗಿ ಸರಿಯಾಗಲಿಲ್ಲ, ಕೊನೆಗೆ ಕರೆಂಟ್ ಕೊಟ್ಟು ಸರಿ ಮಾಡಿದ್ದೇವೆ ಎಂದರು. ಮೊದಲ ಮೂರು ತಿಂಗಳು ಕೆಟ್ಟರೂ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಗಾಯ ಮಾಯುವ ಕಾಲ ಅದು ಎಂದರು. ಅಕ್ಕ ಗುಣವಾಯಿತಾ ಎಂದು ಕೇಳಿದಳು. ಈಗ ಬಡಿತ ಸರಿ ಇದೆ ಎಂದಷ್ಟೇ ಅವರು ಉತ್ತರಿಸಿದರು. ಮಾತನ್ನು ಅಳೆದು ಆಡುವವರು. ನನಗೆ ಅವರ ಮೇಲೆ ಇದ್ದ ಗೌರವಕ್ಕೂ ಹೆದರಿಕೆಗೂ ಅದೇ ಕಾರಣ.

ಮೂರು ತಿಂಗಳಲ್ಲ, ಆರು ತಿಂಗಳ ಹತ್ತಿರ ಬಡಿತ ಸರಿ ಇತ್ತು. ಭಾವ ನಿಲ್ದಾಣದಲ್ಲಿ ನಿಂತು ಶಿವಮೊಗ್ಗ ಎಂದು ಕೂಗಿದರೆ ಪೇಟೆಯ ಆ ತುದಿಗೆ ಕೇಳುತ್ತಿತ್ತು. ಹೂವಿನ ಅಂಗಡಿಯವಳು ತನ್ನ ಕೆಲಸ ಹೋಯಿತು ಎಂದು ಗೊಣಗಿದಳು. ಏಪ್ರಿಲಿನಲ್ಲಿ ಮಾಲೀಕರನ್ನು ಕೇಳಿದ್ದಕ್ಕೆ ಅವರಿಗೆ ಖಾಲಿ ಬಸ್ಸನ್ನು ಗ್ಯಾರೇಜಿನಿಂದ ನಿಲ್ದಾಣಕ್ಕೆ ತಂದು ನಿಲ್ಲಿಸುವ ಕೆಲಸ ಸಿಕ್ಕಿತು. ಜನ ತುಂಬಿದ ಬಸ್ಸು ಓಡಿಸಲು ಡಾಕ್ಟರ ಒಪ್ಪಿಗೆ ಬೇಕಿತ್ತು. ವರ್ಷ ಪೂರ್ತಿ ಬಡಿತ ಸರಿ ಇದ್ದರೆ ಬರೆದುಕೊಡುತ್ತೇನೆ ಎಂದಿದ್ದರು. ಭಾವ ಯಾರಾದರೂ ಕೇಳಿದರೆ ಮುಂದಿನ ಶಿವರಾತ್ರಿಗೆ ಶೃಂಗೇರಿ ಬಸ್ಸು ನನ್ನದು ಎನ್ನುತ್ತಿದ್ದರು.

2007ರ ಆಗಸ್ಟಿನಲ್ಲಿ ಮಳೆಯ ನಡುವೆ ಒಂದು ದಿನ ಕೊಪ್ಪದ ನನ್ನ ರೂಮಿಗೆ ಬಂದರು. ಕೊಡೆ ಮಡಚಿ ಇಟ್ಟು, ಬಾಗಿಲಲ್ಲೇ ನಿಂತು, ಮುಂಗೈ ಚಾಚಿದರು. ಬಡಿತ ಹೇಗೆ ನೋಡುವುದು ಎಂದು ನಾನು ಅಷ್ಟು ದಿನದಲ್ಲಿ ಕಲಿತಿದ್ದೆ. ಬೆರಳಿಟ್ಟೆ. ಎರಡು ಬಡಿತ ಹತ್ತಿರ, ಒಂದು ದೂರ, ಆಮೇಲೆ ನಾಲ್ಕು ಒಟ್ಟಿಗೆ ಓಡಿದವು.

"ಮೆಟ್ಟಿಲು ಹತ್ತಿ ಬಂದದ್ದಕ್ಕೆ ಇರ್ಬಹುದು, ಅಲ್ವ?" ಎಂದರು.

ಕೂತುಕೊಳ್ಳಿ ಭಾವ, ಸ್ವಲ್ಪ ಹೊತ್ತು ಬಿಟ್ಟು ನೋಡುವ ಎಂದೆ. ಕೂತರು. ಹೊರಗೆ ಬಸ್ಸುಗಳ ಹಾರ್ನ್ ಕೇಳುತ್ತಿತ್ತು. ಒಂದು ಚಾ ತರಿಸಿದೆ, ಕುಡಿದರು. ಮತ್ತೆ ನೋಡಿದೆ, ಹಾಗೆಯೇ ಇತ್ತು. ಅವರು ನನ್ನ ಮುಖ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡರು. "ನಿನ್ನ ಅಕ್ಕನಿಗೆ ನಾನೇ ಹೇಳ್ತೆ. ನೀನು ಹೇಳ್ಬೇಡ. ಅವಳು ಮತ್ತೆ ಹಿತ್ತಲಿಗೆ ಹೋಗ್ತಾಳೆ" ಎಂದರು.

ಅವರೇ ಹೇಳಿದರು. ಅಕ್ಕ ಮೊದಲು ಕೇಳಿದ್ದು ಚಮಚದ ವಿಷಯ. ತಾನು ಅಳತೆ ತಪ್ಪಿಲ್ಲ ಎಂದಳು. ಇದಕ್ಕೂ ತಂಬುಳಿಗೂ ಸಂಬಂಧವಿಲ್ಲ, ಸುಟ್ಟ ಗೆರೆಯಲ್ಲಿ ಎಲ್ಲೋ ಸಂದಿ ಬಿಟ್ಟಿರಬಹುದು ಅಥವಾ ಗೋಡೆಯ ಬೇರೆ ಕಡೆ ದೋಷ ಹುಟ್ಟಿರಬಹುದು ಎಂದು ಬೆಂಗಳೂರಿನ ಡಾಕ್ಟರು ಅವಳಿಗೆ ಎರಡು ಸಲ ಹೇಳಬೇಕಾಯಿತು. ಅವಳು ತಲೆ ಆಡಿಸಿದಳು, ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಹಿಂದಿನ ವರ್ಷ ಜುಲೈನಲ್ಲೇ ಸುಟ್ಟಿದ್ದರೆ ಬಡಿತ ಸರಿಯಾಗಿಯೇ ಉಳಿಯುತ್ತಿತ್ತಾ ಎಂದು ಕೇಳಿದಳು. ಡಾಕ್ಟರು, ಅದನ್ನು ಯಾರಿಂದಲೂ ಹೇಳಲಾಗುವುದಿಲ್ಲ ಎಂದರು.

2008ರಲ್ಲಿ ಮತ್ತೊಂದು ಸಲ ಕರೆಂಟ್ ಕೊಟ್ಟರು. ವಾರ ಕಳೆಯುವುದರೊಳಗೆ ಕೆಟ್ಟಿತು. ಎರಡನೇ ಅಬ್ಲೇಷನ್ ಮಾಡಬಹುದೇ ಎಂದು ನೋಡಲು ವರ್ಷಕ್ಕೊಮ್ಮೆ ಹೃದಯದ ಎಕೋ ಸ್ಕ್ಯಾನ್ ಮಾಡಿಸಿ ಕೋಣೆಯ ಅಳತೆ ಕಳಿಸಿ ಎಂದರು. ಭಾವ ಬಸ್ಸು ಗ್ಯಾರೇಜಿನಿಂದ ತರುವ ಕೆಲಸ ಬಿಟ್ಟು ಮತ್ತೆ ನಿಲ್ದಾಣದಲ್ಲಿ ಕೂತರು.

2009ರ ನವೆಂಬರಿನಲ್ಲಿ ಶಿವಮೊಗ್ಗದಲ್ಲಿ ಮಾಡಿಸಿದ ಎಕೋದಲ್ಲಿ ಎಡ ಮೇಲ್ಕೋಣೆಯ ಅಳತೆ ಹಿಂದಿನ ವರ್ಷಕ್ಕಿಂತ ಹೆಚ್ಚಾಗಿದೆ. ಎರಡನೇ ಅಬ್ಲೇಷನ್ ಮಾಡುವುದಿಲ್ಲ, ಬಡಿತದ ವೇಗ ತಗ್ಗಿಸುವ ಮಾತ್ರೆ ಮತ್ತು ರಕ್ತ ತೆಳುವಾಗಿಸುವ ಮಾತ್ರೆ ಮುಂದುವರಿಸಬೇಕು ಎಂದು ಬೆಂಗಳೂರಿನ ಆಸ್ಪತ್ರೆ ಡಿಸೆಂಬರ್ ಮೊದಲ ವಾರ ಫೋನಿನಲ್ಲಿ ತಿಳಿಸಿದೆ.